ಸುರಾಹಿಗೆ ಕಪ್ಪು ಹಚ್ಚಿದ ರೀಲು

ಪೋಲೀಸ್ ಆ್ಯಕ್ಷನ್ ಆದ ಮ್ಯಾಲ ಬೀದರದಾಗ ಬಿದ್ರಿ ಸಾಮಾನು ಕೇಳಾವರೇ ಇದ್ದಿಲ್ಲ. ನವಾಬರೂ ಹೋದ್ರು, ಅವರ ಹುಕ್ಕಾನೂ ಹೋತು. ನಾಕು ವರ್ಷದ ಮ್ಯಾಲ ಮುಂಬೈದಾವರು ಸಿನಿಮಾ ತಗೀಲಿಕ್ಕೆ ಬಂದು ಕಿಲ್ಲಾದಾಗ ಇಳದು, ರಾಣಿ ಕೈಯಾಗ ಹಿಡಿಲಿಕ್ಕೆ ಉದ್ದ ಕುತ್ತಿಗಿ ಹೂಜಿ, ಒಂದು ಸುರಾಹಿ ಬೇಕಂದ್ರು. ನಲವತ್ತು ದಿನ ಬಗ್ಗಿ ಕುಂತು ಅದರ ಮ್ಯಾಲ ಬಳ್ಳಿ ಕೆತ್ತಿ, ಬೆಳ್ಳಿ ತಂತಿ ಕೂಡಿಸಿದಾವ ನಜಮೋದ್ದೀನ. ಕಡೀಕ ಕಿಲ್ಲಾದ ಹಳೀ ಮಣ್ಣು ಕುದಿಸಿ, ತಿಕ್ಕಿ, ಕಪ್ಪು ಮಾಡಾವ ಮುನೀರೋದ್ದೀನ. ಆ ಮಣ್ಣಿಗೆ ಸತುವಷ್ಟೇ ಕರ್ರಗಾಗ್ತದ, ಬೆಳ್ಳಿ ಹಂಗೇ ಉಳೀತದ. ಅವಂದು ಅರ್ಧಾ ತಾಸಿನ ಕೆಲಸ.

ಆ ಕಂಪನಿಯಾಗ ಇನ್ನೊಬ್ಬ ಕ್ಯಾಮೆರಾದಾವ ಇದ್ದ. ಸಿನಿಮಾ ಹ್ಯಾಂಗ ತಗೀತಾರ ಅಂಬೋದನ್ನೇ ಬ್ಯಾರೆ ಸಣ್ಣ ಸಿನಿಮಾ ಮಾಡೋದು ಅವನ ಕೆಲಸ. ದೊಡ್ಡ ಸಿನಿಮಾಕ್ಕಿಂತ ಮೊದಲ ಅದನ್ನ ತೋರಸ್ತಾರಂತ. ನಜಮೋದ್ದೀನನ ಕಾರ್ಖಾನಿಗೆ ಬಂದು ಕೆತ್ತೋದು ನೋಡಿ ಅವ ಆಕಳಿಸಿದ. ಕಪ್ಪು ಹತ್ತಿದ ಕೂಡ್ಲೆ ಬೆಳ್ಳಿ ಫಳ್ಳಂತ ಹೊಳೀತದಲ್ಲ, ಅದೊಂದು ಸಾಕು ಅಂದ.

ನಜಮೋದ್ದೀನಗ ಮೈಯೆಲ್ಲಾ ಉರೀತು. ಇರುವಿ ಕಟ್ಟಿದ ಹುತ್ತದಾಗ ಹಾವು ಹೊಕ್ಕಂಗ ಆಯ್ತಲ್ಲ! ಕೆತ್ತಿ ಕೆತ್ತಿ ಕಣ್ಣು ಸವಸಿದಾವ ನಾನು, ಭಾಲ್ಕಿ ಔರಾದದ ಮಂದಿ ನೋಡೋದು ಆ ಮುನೀರನ ಮಾರಿ! ಮುನೀರ ಇಸ್ತ್ರಿ ಶೇರವಾನಿ ಹಾಕ್ಕೊಂಡು, ಮೀಸಿ ತಿದ್ಕೊಂಡು ಬಂದದ್ದು ನೋಡಿದ ಮ್ಯಾಲಂತೂ ತಡಕೊಳ್ಳಲಿಕ್ಕೆ ಆಗಲೇ ಇಲ್ಲ. ಅವ ಚಾ ಕುಡೀಲಿಕ್ಕೆ ಹೋದಾಗ ಅವನ ಚೀಲದಾಗಿನ ಕಿಲ್ಲಾದ ಮಣ್ಣು ತಗದು ತಾನು ಕೂಡೋ ಗಾದಿ ಬುಡಕ ಇಟ್ಟು, ಆ ಚೀಲದಾಗ ಹಿತ್ತಲ ಮಣ್ಣು ತುಂಬಿದ. ಇವತ್ತು ಕ್ಯಾಮೆರಾದಾವ ಎದ್ದು ಹೋಗಲಿ, ನಾಳಿ ಖರೇ ಮಣ್ಣು ಹಚ್ಚಿದ್ರಾಯ್ತು ಅಂತ ಅವನ ಲೆಕ್ಕ.

ಮಣ್ಣು ನಾಲಿಗಿ ಮ್ಯಾಲ ಇಟ್ಟು ರುಚಿ ನೋಡದ ಹೊರತು ಮುನೀರ ಎಂದೂ ಕೆಲಸಕ್ಕ ಕೂಡಾವಲ್ಲ. ಅವತ್ತು ಮಾತ್ರ ಕ್ಯಾಮೆರಾ ಮುಂದ ಮಣ್ಣು ತಿನ್ನಲಿಕ್ಕೆ ನಾಚಿಕೊಂಡ. ತಿಕ್ಕಿದ, ತಿಕ್ಕಿದ. ಸುರಾಹಿ ಬೂದಿ ಬಣ್ಣದ್ದೇ ಉಳೀತು. ಖರೇ ಮಣ್ಣು ತಾಗೋ ತನಕ ಬೆಳ್ಳಿ ಯಾವುದು, ಸತುವು ಯಾವುದು, ಯಾರಿಗೂ ಗೊತ್ತಾಗೂದಿಲ್ಲ. ಆಮ್ಯಾಲ ಚಿಟಿಕಿ ಬಾಯಾಗ ಹಾಕ್ಕೊಂಡು ಥೂ ಅಂತ ಉಗುಳಿ, ಇದು ಕಿಲ್ಲಾದ ಮಣ್ಣಲ್ಲ ಅಂದ.

ಬಿಸಲು ಇಳೀಲಿಕ್ಕೆ ಹತ್ತದ, ಸಂಜೀಕೇ ಗಾಡಿ ಹೊರಡ್ತದ ಅಂತ ಕಂಪನಿಯಾವರು ಅವಸರ ಮಾಡಿ ಬೂಟ್ ಪಾಲೀಶ್ ತರಿಸಿದ್ರು. ಮುನೀರ ಸುರಾಹಿ ಎದಿಗೆ ಅವಚಿಕೊಂಡ.

"ಇದನ್ನ ಹಚ್ಚಿದ್ರ ನಜಮಭಾಯಿ ಬಳ್ಳಿ ಮುಳಗತದ್ರಿ. ನನ್ನ ಮಾರಿ ತಗೀಬ್ಯಾಡ್ರಿ, ನಡೀತದ. ಒಂದು ತಾಸು ಕೊಡ್ರಿ, ಕಿಲ್ಲಾಕ್ಕ ಓಡಿ ಹೋಗಿ ಮಣ್ಣು ತರ್ತೇನಿ."

ಮಣ್ಣು ನಜಮೋದ್ದೀನನ ಗಾದಿ ಬುಡಕೇ ಇತ್ತು. ಒಂದು ಮಾತು ಆಡಿದ್ರ ಬಳ್ಳಿ ಉಳೀತಿತ್ತು. ಆಡಿದ್ರ ಕಳ್ಳ ಯಾರಂತ ಗೊತ್ತಾಗ್ತಿತ್ತು. ಅವ ಗಾದಿ ಮ್ಯಾಲೇ ಗಟ್ಟ್ಯಾಗಿ ಕುಂತ. ಕಂಪನಿಯಾವರು ಸುರಾಹಿ ಕಸಗೊಂಡು ತಾವೇ ಪಾಲೀಶ್ ಹಚ್ಚಿದ್ರು. ಮುನೀರ ಶೇರವಾನಿ ಝಾಡಿಸಿಕೊಂಡು ಎದ್ದು ಹೋದ.

ವರ್ಷದ ಮ್ಯಾಲ ಭಾಲ್ಕಿ ತಂಬು ಟಾಕೀಜಿನಾಗ ಆ ಸಣ್ಣ ಸಿನಿಮಾದ ರೀಲು ಬಂತು. ಹೆಂಡತಿ ಖತೀಜಾ ಬೇಗಂ ಬಿಡಲಾರದ ಅವನ್ನ ಕರಕೊಂಡು ಹೋದಳು. ಪರದೆ ಮ್ಯಾಲ ಯಾರದೋ ಕೈ ಸುರಾಹಿ ತಿಕ್ಕಿತು. ಇದ್ದಲಿಯಂಥ ಸುರಾಹಿ. ಒಂದು ಎಲಿ ಕಾಣವಲ್ದು, ಒಂದು ಹೂ ಕಾಣವಲ್ದು.

"ಮುನೀರನೂ ಇಲ್ಲ, ನಿಮ್ಮ ಬಳ್ಳಿನೂ ಇಲ್ಲ," ಅಂದಳು ಖತೀಜಾ. "ಇದರಾಗ ನಿಮ್ಮ ಕೈಗೆಲಸ ಯಾವುದ್ರಿ?"

ನಜಮೋದ್ದೀನ ಪರದೆ ಕಡೆನೇ ನೋಡ್ಕೋತ ಹೇಳಿದ.

"ಎಲ್ಲಾ ನನ್ನ ಕೈಗೆಲಸನೇ."