ಸತ್ತವರ ಪರ ಸಾಕ್ಷಿ

ನಮ್ಮ ಜಾವಾದ ಹಳ್ಳಿಗಳಲ್ಲಿ ಹೆಣ ಎತ್ತುವ ಮುಂಚೆ ಮುಲ್ಲಾ ನೆರೆದವರನ್ನು ಒಂದು ಮಾತು ಕೇಳುತ್ತಾರೆ: "ಇವರು ಒಳ್ಳೆಯವರಾ?" ಎಲ್ಲರೂ "ಒಳ್ಳೆಯವರು" ಅನ್ನಬೇಕು. ಕೋಳಿ ಕದ್ದವನಿಗೂ ಅನ್ನುತ್ತೇವೆ. ಸತ್ತವನ ಮೇಲೆ ಎಂಥ ಹಗೆ?

ಅವತ್ತಿನ ಹೆಣ ಜನರಲ್ ಹರ್ಜೊಸುವಿತೊ ಅವರದು. ನಮ್ಮೂರ ಮಗ. ಬಂದೂಕು ಹಿಡಿದು ಗದ್ದುಗೆ ಏರಿದರು, ಆಮೇಲೆ ಸಮವಸ್ತ್ರ ಕಳಚಿ ಬಾಟಿಕ್ ಅಂಗಿ ತೊಟ್ಟು ಅಧ್ಯಕ್ಷರಾದರು. ಮೂವತ್ತು ವರ್ಷ ಇಳಿಯಲೇ ಇಲ್ಲ. ಊರಿನ ಡಾಂಬರು ರಸ್ತೆ, ಕಾಲುವೆ, ಹೊಸ ಶಾಲೆ ಎಲ್ಲ ಅವರದೇ ಕೊಡುಗೆ. ನಾನು ಓದು ಕಲಿತದ್ದೂ ಆ ಶಾಲೆಯಲ್ಲೇ, ಗೋಡೆಯ ಮೇಲಿನ ಅವರ ನಗುಮುಖದ ಕೆಳಗೆ.

ಅವರು ಗದ್ದುಗೆ ಏರಿದ ವರ್ಷವೇ ಊರ ಮೇಷ್ಟ್ರಾಗಿದ್ದ ನನ್ನ ಅಪ್ಪ ಸಸ್ತ್ರೊನನ್ನು ಸೈನಿಕರು ಲಾರಿಗೆ ಹತ್ತಿಸಿದರು. ನಾನಿನ್ನೂ ಅವ್ವನ ಹೊಟ್ಟೆಯಲ್ಲಿದ್ದೆ. ಹೆಣ ಬರಲಿಲ್ಲ, ಸುದ್ದಿಯೂ ಬರಲಿಲ್ಲ. ಹೂತ ಜಾಗ ತಿಳಿಯದೆ ಅವ್ವ ತಿಥಿಯೂಟ ಹಾಕಿಸಲೊಲ್ಲಳು. "ಆ ಜನರಲ್‌ಗೆ ಗೊತ್ತಿರ್ತದೆ. ಒಂದಿನ ಕೇಳ್ತೀನಿ," ಅನ್ನುತ್ತಿದ್ದಳು.

ಅವತ್ತು ಪೆಟ್ಟಿಗೆಯ ಪಕ್ಕ ನಿಂತು ಮುಲ್ಲಾ ಕಸ್ಮುರಿ ಆ ಮಾತು ಕೇಳಿದರು. "ಒಳ್ಳೆಯವರು!" ಎಂದು ಇಡೀ ಅಂಗಳ ಕೂಗಿತು.

"ನಾನು ಅನ್ನಲ್ಲ," ಅಂದಳು ನನ್ನ ಪಕ್ಕ ಕೂತಿದ್ದ ಅವ್ವ.

ಪೆಟ್ಟಿಗೆಯ ಕಾವಲಿಗೆ ಬಂದೂಕು ಹಿಡಿದು ನಿಂತಿದ್ದ ಸೈನಿಕರ ಕತ್ತು ಇತ್ತ ತಿರುಗಿತು. ಊರ ಮುಖ್ಯಸ್ಥ ಸುಗೆಂಗ್ ಓಡಿ ಬಂದ. "ಅಜ್ಜೀ, ನಿನ್ ಕಾಲಿಗೆ ಬೀಳ್ತೀನಿ, ಬಾಯಿಮಾತಿಗೆ ಅಂದ್ಬಿಡು. ನಿನ್ ಗಂಟೇನು ಹೋಗ್ತದೆ?"

"ನನ್ ಗಂಟು ಹೋಗಿ ಐವತ್ತು ವರ್ಷ ಆಯ್ತಪ್ಪ. ನನ್ನವರನ್ನ ಎಲ್ಲಿ ಹೂತ್ರಿ ಅಂತ ಹೇಳ್ರಿ, ನೂರು ಸಲ ಅಂತೀನಿ."

ಜನರಲ್ ಮಗಳು ವಿನಾರ್ನಿ ಎದ್ದು ಬಂದು ಅವ್ವನ ಚಾಪೆಯ ಮೇಲೆ ಕೂತಳು. "ನಾನೇ ಅಪ್ಪನ್ನ ಕೇಳಿದ್ದೆ ಅಮ್ಮಾ, ಕೊನೇ ದಿನಗಳಲ್ಲಿ. ಊರಿನ ಮೇಷ್ಟ್ರನ್ನ ಏನ್ ಮಾಡಿದ್ರಿ ಅಂತ."

"ಏನಂದ್ರವ್ವ?"

"'ಯಾವ ಮೇಷ್ಟ್ರು?' ಅಂದ್ರು." ಅವಳು ತಲೆ ಎತ್ತಲಿಲ್ಲ. "ಮುಚ್ಚಿಡ್ತಿರ್ಲಿಲ್ಲ. ನಿಜವಾಗ್ಲೂ ನೆನಪಿರ್ಲಿಲ್ಲ."

ಅವ್ವ ಇಷ್ಟು ವರ್ಷ ಕಾದದ್ದು ಈ ಮಾತಿಗಾ? ಅವಳು ಅಳಲಿಲ್ಲ. ನನ್ನ ಭುಜ ಹಿಡಿದು ಎದ್ದು ನಿಂತಳು.

"ಮುಲ್ಲಾ, ಹಂಗಾದ್ರೆ ಎಲ್ಲಿ ಹೂತ್ರು ಅಂತ ಹೇಳೋರು ಯಾರೂ ಉಳಿದಿಲ್ಲ. ನನ್ನವರದ್ದೂ ಇಲ್ಲೇ ಕೇಳಿಬಿಡು. ಇಷ್ಟು ಜನ ನನಗಿನ್ನೆಲ್ಲಿ ಸಿಕ್ತಾರೆ?"

ಕಸ್ಮುರಿ ಬಂದೂಕುಗಳನ್ನು ನೋಡಿದರು, ಅವ್ವನನ್ನು ನೋಡಿದರು. ಅವರೂ ಅಪ್ಪನ ಶಿಷ್ಯರೇ. ಜನರತ್ತ ತಿರುಗಿದರು. "ಸಸ್ತ್ರೊ ಮೇಷ್ಟ್ರು ಒಳ್ಳೆಯವರಾ?"

ಯಾರೂ ತುಟಿ ಬಿಚ್ಚಲಿಲ್ಲ. ಅಪ್ಪ ಕೈಹಿಡಿದು ಅಕ್ಷರ ತಿದ್ದಿಸಿದ್ದ ಮುದುಕರು ನೆಲ ನೋಡುತ್ತಾ ಕೂತರು. ಪೆಟ್ಟಿಗೆಯೊಳಗೆ ಮಲಗಿದ್ದವನಿಗೆ ಇನ್ನೂ ಹೆದರುತ್ತಿದ್ದರು. ಅವ್ವ ಒಬ್ಬೊಬ್ಬರ ಮುಖವನ್ನೂ ನೋಡಿ, ಕೊನೆಗೆ ನನ್ನತ್ತ ತಿರುಗಿದಳು. ನಾನು ಅಪ್ಪ ಅನ್ನುವ ಆ ಮನುಷ್ಯನ ಮುಖ ಕಂಡವಳೇ ಅಲ್ಲ.

"ಒಳ್ಳೆಯವರು," ಅಂದೆ.