ಶಿರಸ್ತ್ರಾಣ ಅಡ್ಡವಿಟ್ಟ ಬಾಗಿಲು

ಗ್ಲೆಂಡಾ ಹೋರ್ವಾತ್ ಅವರೊಡನೆ ಮಾತಿಗೆ ನಿಂತವರಿಗೆಲ್ಲ ಮೊದಲು ಆಗುತ್ತಿದ್ದುದು ಒಂದು ಸಣ್ಣ ಅವಮಾನ. ಅವರು ನಮ್ಮ ಮುಖವನ್ನು ನೋಡುತ್ತಿರಲಿಲ್ಲ. ನಮ್ಮ ಭುಜದ ಮೇಲಿಂದ ದೃಷ್ಟಿ ಹಾಯಿಸಿ ಬಾಗಿಲನ್ನು ನೋಡುತ್ತಿದ್ದರು. ನಗುವಾಗಲೂ, ಜಗಳವಾಡುವಾಗಲೂ, ಕೊನೆಗೆ ಗಂಡನನ್ನು ಮಣ್ಣುಮಾಡಿದ ದಿನ ನಾವು ಒಬ್ಬೊಬ್ಬರಾಗಿ ಹೋಗಿ ಕೈಹಿಡಿದು ಸಾಂತ್ವನ ಹೇಳುವಾಗಲೂ ಆ ಕಣ್ಣುಗಳು ಬಾಗಿಲನ್ನು ಬಿಟ್ಟು ಕದಲಲಿಲ್ಲ. ಯಾರೋ ಅಪರಿಚಿತರು ಹೊಸ್ತಿಲವರೆಗೆ ಬಂದು, ಒಳಗೆ ಕಾಲಿಡಲು ಧೈರ್ಯ ಸಾಲದೆ ಹಿಂದಿರುಗಿಬಿಟ್ಟರೆ ಏನು ಗತಿ ಎಂಬ ಆತಂಕ ಅವರ ಉಸಿರಿನ ಜೊತೆಗೇ ಹುಟ್ಟಿದಂತಿತ್ತು.

ನಮ್ಮದು ಓಹಾಯೋದ ಸರೋವರದಂಚಿನ ಊರು. ಮಂಗಳವಾರದ ಸಂಜೆ ಲೂಥರನ್ ಚರ್ಚಿನ ನೆಲಮಾಳಿಗೆಯ ಮೆಟ್ಟಿಲಿಳಿದರೆ ಹಳೆಯ ಕಾಲವನ್ನು ಆಡಿ ತೋರಿಸುವ ಹವ್ಯಾಸಕ್ಕೆಂದು ಕೂಟ ಕಟ್ಟಿಕೊಂಡ ನಾವು ಕೆಲವರು ಆರುನೂರು ವರ್ಷ ಹಿಂದಿನ ಯುರೋಪಿನವರಾಗಿಬಿಡುತ್ತೇವೆ: ಹಗಲೆಲ್ಲ ಕೊಳಾಯಿ ರಿಪೇರಿ ಮಾಡಿದವನು ಕವಚ ತೊಟ್ಟು, ಬೆತ್ತದ ಕತ್ತಿ ಹಿಡಿದು ವೀರನಾಗುತ್ತಾನೆ, ಸೂಪರ್ ಮಾರ್ಕೆಟ್ಟಿನಲ್ಲಿ ಬ್ರೆಡ್ಡು ಮಾರಿದವಳು ಹಂಗೆರಿಯ ಇಲೋನಾ ದೊರೆಸಾನಿಯಾಗುತ್ತಾಳೆ. ಆ ದೊರೆಸಾನಿಯೇ ಗ್ಲೆಂಡಾ. ಹೊಸಬರನ್ನು ಹುಡುಕಿ ಬರಮಾಡಿಕೊಳ್ಳುವುದು ಅವರ ಅಧಿಕಾರ. ನಮ್ಮಲ್ಲಿ ಯುದ್ಧದ ಅಧಿಕಾರಕ್ಕೆ ಪೈಪೋಟಿಯುಂಟು, ಅಡುಗೆಯ ಅಧಿಕಾರಕ್ಕೆ ಮುನಿಸುಂಟು. ಸ್ವಾಗತದ ಅಧಿಕಾರವನ್ನು ಅವರಿಂದ ಕಿತ್ತುಕೊಳ್ಳಲು ಮಾತ್ರ ಯಾರೂ ಎಂದೂ ಮುಂದೆ ಬಂದವರಲ್ಲ.

ಆ ನೆಲಮಾಳಿಗೆಯ ಬಾಗಿಲು ತಾನಾಗಿಯೇ ಮುಚ್ಚಿಕೊಳ್ಳುವಂಥದು. ಗ್ಲೆಂಡಾ ಎಲ್ಲರಿಗಿಂತ ಮೊದಲು ಬಂದು, ಜಜ್ಜಿಹೋದ ಒಂದು ಕಬ್ಬಿಣದ ಶಿರಸ್ತ್ರಾಣವನ್ನು ಅದಕ್ಕೆ ಅಡ್ಡವಿಡುತ್ತಿದ್ದರು. ಜನವರಿಯಲ್ಲಿ ಸರೋವರದ ಗಾಳಿ ಹಿಮವನ್ನು ಮೆಟ್ಟಿಲುದ್ದಕ್ಕೂ ಸುರಿದರೂ ಅದನ್ನು ತೆಗೆಯಗೊಡುತ್ತಿರಲಿಲ್ಲ.

"ಗ್ಲೆಂಡಾ, ಬಾಗಿಲು ಹಾಕು, ಕಾಲು ಮರಗಟ್ಟಿ ಹೋಯ್ತು!" ಎಂದು ನಾವು ಕಿರುಚಿದರೆ, "ಮುಚ್ಚಿರೋ ಬಾಗಿಲು ತಳ್ಳೋಕೆ ಹೊಸಬ್ರಿಗೆ ಕೈ ಬರಲ್ಲ ಕಣ್ರೀ. ನಿಮಗೆ ಚಳಿಯಾದ್ರೆ ಕುಣೀರಿ" ಎನ್ನುತ್ತಿದ್ದರು. ತಾವು ಹಸಿರು ಉಣ್ಣೆಯ ಮೇಲುಹೊದಿಕೆಯೊಂದನ್ನು ಕತ್ತಿನಿಂದ ಹಿಮ್ಮಡಿಯವರೆಗೆ ಸುತ್ತಿಕೊಂಡು, ಬಾಗಿಲಿಗೆ ಬೆನ್ನಾಗಬಾರದೆಂದು ಏಡಿಯಂತೆ ಅಡ್ಡಡ್ಡ ನಡೆಯುತ್ತ ಸೂಪು ಬಡಿಸುತ್ತಿದ್ದರು. ಆ ಹೊದಿಕೆಯನ್ನು ಬೇಸಗೆಯಲ್ಲೂ ತೆಗೆದವರಲ್ಲ. ದೊರೆಸಾನಿಯ ಠೀವಿ ಎಂದು ನಾವು ನಗುತ್ತಿದ್ದೆವು.

ಅವರ ಪಕ್ಕದಲ್ಲಿ ಸದಾ ಒಂದು ಮರದ ಪೆಟಾರಿ. ಬರಿಗೈಯಲ್ಲಿ ಬಂದವರಿಗೆ ಅಂದಂದಿನ ಮಟ್ಟಿಗೆ ಉಡಲು ಕೊಡುವ ನಿಲುವಂಗಿ, ಶಿರವಸ್ತ್ರ, ಬೆಲ್ಟುಗಳೆಲ್ಲ ಅದರಲ್ಲಿ. ಯಾರದೇ ನೆರಳು ಮೆಟ್ಟಿಲ ಮೇಲೆ ಬಿದ್ದರೂ ಸಾಕು, "ಚಳಿ ಇಲ್ಲ ತಾನೆ? ಹಸಿವಿಲ್ಲ ತಾನೆ?" ಎಂಬ ಎರಡು ಪ್ರಶ್ನೆಗಳೊಡನೆ ಆ ಪೆಟಾರಿ ಬಾಯ್ದೆರೆಯುತ್ತಿತ್ತು. ಒಮ್ಮೆ ಹೀಗೆಯೇ ಬಂದವನೊಬ್ಬನಿಗೆ ಬಾಯಿ ಬಿಡುವ ಅವಕಾಶವನ್ನೇ ಕೊಡದೆ ನಿಲುವಂಗಿ ತೊಡಿಸಿ, ಮರದ ಬಟ್ಟಲಿನಲ್ಲಿ ಬಾರ್ಲಿಯ ಸೂಪು ಕುಡಿಸಿ, ಫ್ರಾನ್ಸಿನ ಒಂದು ಹೆಸರನ್ನೂ ಇಟ್ಟರು. ಅವನು ಗ್ಯಾಸಿನ ಮೀಟರು ನೋಡಲು ಬಂದವನಾಗಿದ್ದ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು, ಗ್ಲೆಂಡಾ ನಗಲಿಲ್ಲ. ಮುಂದಿನ ಮಂಗಳವಾರ ಅವನು ಬಾರದಿದ್ದುದಕ್ಕೆ, "ನಾನೇ ಸೂಪು ಜಾಸ್ತಿ ಹಾಕ್ಬಿಟ್ಟೆ, ಹೆದರಿಕೊಂಡ" ಎಂದು ನಿಜವಾಗಿಯೂ ಕೊರಗಿದರು.

ಹೊಸಬರು ಓಡಿಹೋಗುವುದೇಕೆ ಎಂಬ ಬಗ್ಗೆ ಅವರದೊಂದು ಸಿದ್ಧಾಂತವಿತ್ತು: ಕತ್ತಿಯ ಏಟಿಗೆ ಹೆದರಿ ಯಾರೂ ಓಡುವುದಿಲ್ಲ, ತಿದ್ದುವ ಬಾಯಿಗೆ ಹೆದರಿ ಓಡುತ್ತಾರೆ. ಆ ಬಾಯಿ ನಮ್ಮಲ್ಲಿ ಡ್ವೈಟ್ ಮಲ್ವೇನಿಯದು. ಕೊಳಾಯಿ ಕೆಲಸದ ಡ್ವೈಟ್ ನಮ್ಮ ಕೂಟದಲ್ಲಿ ವೀರಪದವಿ ಪಡೆದವನು; ಬಿಳಿ ಚರ್ಮದ ಬೆಲ್ಟು ಕಟ್ಟುವ ಹಕ್ಕು ಆ ಪದವಿಯವರಿಗೆ ಮಾತ್ರ. ಬೇರೆಯವರು ಮರೆತು ಕಟ್ಟಿದರೂ ಅವನ ಮೀಸೆ ಅದುರುತ್ತಿತ್ತು. ಯಾರಾದರೂ ಹೊಸಬರು ಆಸೆಪಟ್ಟು ಮನೆಯಲ್ಲೇ ಹೊಲಿದುಕೊಂಡು ಬಂದರೆ, "ಈ ಥರ ಗುಂಡಿ ಆಗಿನ ಕಾಲದಲ್ಲಿ ಎಲ್ಲಿತ್ತು ಸ್ವಾಮಿ?" ಎಂದು ಮೊದಲ ಮಾತಿಗೇ ಕೇಳುವನು. ಅವನು ಕೆಟ್ಟವನಲ್ಲ, ಸತ್ಯದ ಮೇಲೆ ಅವನಿಗಿದ್ದ ಪ್ರೀತಿಗೆ ದಾಕ್ಷಿಣ್ಯವಿರಲಿಲ್ಲ, ಅಷ್ಟೆ.

ಗ್ಲೆಂಡಾರ ಗಂಡ ಸ್ಟೀವನೂ ಅಂಥ ಬಿಳಿ ಬೆಲ್ಟಿನ ವೀರ. ಈ ಕೂಟವನ್ನು ಕಟ್ಟಿದವನು, ಧ್ವಜದ ಮೇಲಿನ ಬೂದು ಕೊಕ್ಕರೆಯನ್ನು ತನ್ನ ಕೈಯಾರೆ ಬರೆದವನು ಅವನೇ. ಅವನು ತೀರಿಕೊಂಡ ಚಳಿಗಾಲದಲ್ಲಿ ಗ್ಲೆಂಡಾ ಅವನ ನಿಲುವಂಗಿಗಳನ್ನೆಲ್ಲ, ಬಿಡಿಸಿ ನೋಡುವ ಧೈರ್ಯವಿಲ್ಲದೆ, ಇದ್ದ ಮಡಿಕೆಯಲ್ಲೇ ತಂದು ಪೆಟಾರಿಗೆ ತುಂಬಿದರು. ಮುಂದಿನ ವರ್ಷ ಇನ್ನೊಬ್ಬರು ಅರಿಜೋನಾಕ್ಕೆ ಹೋದರು. ನಾವು ನಾಲ್ವರಾದೆವು. ಐವರಿಲ್ಲದ ಕೂಟ ಕೂಟವಲ್ಲವೆಂಬುದು ಇಂಥ ಕೂಟಗಳನ್ನೆಲ್ಲ ನಡೆಸುವ ದೊಡ್ಡ ಸಂಘದ ನಿಯಮ. ಜುಲೈ ಮುಗಿಯುವುದರೊಳಗೆ ಐದನೆಯವರು ಸೇರದಿದ್ದರೆ ಕೊಕ್ಕರೆಯ ಧ್ವಜವನ್ನು ಮಡಚಿ ಒಪ್ಪಿಸಬೇಕು. ಅಂದಿನಿಂದ ಗ್ಲೆಂಡಾರ ಎಡಗೈಯ ಬೆರಳುಗಳು ಹೊದಿಕೆಯ ಅಂಚನ್ನು ಹಿಂಡುವುದನ್ನು ನಿಲ್ಲಿಸಲೇ ಇಲ್ಲ.

ಜುಲೈನ ಕೊನೆಯ ಶನಿವಾರ ಊರ ಪಾರ್ಕಿನಲ್ಲಿ ನಮ್ಮ ಪ್ರದರ್ಶನ. ಪಕ್ಕದ ಊರಿನ ಕೂಟದವರು ಕಾದಾಡಿ ತೋರಿಸಲು ಬಂದಿದ್ದರು. ಬಿಸಿಲಿಗೆ ಹುಲ್ಲೇ ಬೆವರುತ್ತಿತ್ತು. ಹಗ್ಗದಾಚೆ ನಿಂಬೆಯ ಪಾನಕ ಹಿಡಿದು ನಿಂತವಳೊಬ್ಬಳು ಬಹಳ ಹೊತ್ತು ಕದಲದಿದ್ದುದನ್ನು ಗ್ಲೆಂಡಾ ದೂರದಿಂದಲೇ ಕಂಡು, ಅಡ್ಡಡ್ಡ ನಡೆದು ಬಳಿಸಾರಿದರು.

"ಚಳಿ ಇಲ್ಲ ತಾನೆ?"

"ಏನಂದ್ರಿ ಮೇಡಂ?"

"ಅಭ್ಯಾಸಬಲ ಕಣಮ್ಮ. ಹಸಿವಿಲ್ಲ ತಾನೆ?"

ಅವಳು ನಕ್ಕಳು. ಹೆಸರು ರೊಶೆಲ್, ಶಾಲೆಯ ಬಸ್ಸು ಓಡಿಸುವವಳು. "ನಮ್ಮ ಬಸ್ಸಲ್ಲಿ ದಿನಾ ಇದೇ ನಡೆಯೋದು, ನೀವು ಕವಚ ಹಾಕ್ಕೊಂಡಿದೀರಿ ಅನ್ನೋದೊಂದೇ ವ್ಯತ್ಯಾಸ" ಎಂದಳು. ಗ್ಲೆಂಡಾ ಅವಳನ್ನು ಡೇರೆಗೆ ಕಳಿಸಿ, "ಪೆಟಾರೀಲಿ ಯಾವುದು ಇಷ್ಟಾನೋ ಹಾಕ್ಕೊಂಡು ಬಾ" ಎಂದು, ಅವಳು ಡೇರೆಯ ಹಿಂದಿನಿಂದ ನುಸುಳಿ ಹೋಗಿಬಿಟ್ಟಾಳೋ ಎಂದು ಬೆವರುತ್ತ ಕಾದರು.

ರೊಶೆಲ್ ಹೊರಬಂದಳು. ಮೈಮೇಲೆ ಸ್ಟೀವನ ನೀಲಿ ನಿಲುವಂಗಿ. ಸೊಂಟದಲ್ಲಿ ಸ್ಟೀವನ ಬಿಳಿ ಬೆಲ್ಟು. ಯಾವ ಮಡಿಕೆಯನ್ನು ಬಿಡಿಸಲು ಗ್ಲೆಂಡಾ ಅಂಜಿದ್ದರೋ ಆ ಮಡಿಕೆಯೊಳಗೆ ಅದು ಅಷ್ಟು ದಿನವೂ ಸುರುಳಿ ಸುತ್ತಿ ಮಲಗಿತ್ತು.

ಅವರ ಮುಖದ ರಕ್ತ ಇಳಿದುಹೋದದ್ದು ನಮಗೆ ಕಂಡಿತು. ಅತ್ತ ಡ್ವೈಟ್ ಮೈದಾನದ ಆ ತುದಿಯಿಂದ ಶಿರಸ್ತ್ರಾಣ ಕಳಚಿ ಕಂಕುಳಲ್ಲಿಟ್ಟುಕೊಂಡು ಇತ್ತಲೇ ಹೊರಟಿದ್ದ. ಅವನಿಗೆ ಇನ್ನೂ ಏನೂ ಕಂಡಿರಲಿಲ್ಲ, ಹತ್ತಿರವಾದರೆ ಕಾಣದೆ ಇರುತ್ತಿರಲಿಲ್ಲ. ಬೆಲ್ಟು ಬಿಚ್ಚು ಎಂದರೆ ತಿದ್ದಿದಂತಾಯಿತು. ಸುಮ್ಮನಿದ್ದರೆ ಡ್ವೈಟ್ ಊರ ಮುಂದೆ ತಿದ್ದುತ್ತಾನೆ. ಗ್ಲೆಂಡಾ ಓಡಿದರು, ಏಡಿಯ ನಡಿಗೆಯನ್ನು ಮರೆತು ನೇರವಾಗಿ ಓಡಿದರು, ಓಡುತ್ತಲೇ ಕತ್ತಿನ ಕೊಂಡಿಯನ್ನು ಕಿತ್ತು, ಹಸಿರು ಹೊದಿಕೆಯನ್ನು ರೊಶೆಲಳ ಮೈತುಂಬ ಎಳೆದು ಹೊದಿಸಿದರು.

"ಮೇಡಂ, ನಾನು ಬೆಂದುಹೋಗ್ತೀನಿ!"

"ಗಾಳಿ ಕಣಮ್ಮ, ಸರೋವರದ ಗಾಳಿ. ನಂಬೋಕಾಗಲ್ಲ."

ಆಗ ನಾವೆಲ್ಲರೂ ಗ್ಲೆಂಡಾರನ್ನು ಮೊದಲ ಬಾರಿಗೆ ಹೊದಿಕೆಯಿಲ್ಲದೆ ಕಂಡೆವು. ಅದರಡಿಯಲ್ಲಿ ದೊರೆಸಾನಿಯ ಉಡುಪು ಯಾವುದೂ ಇರಲಿಲ್ಲ. ಅಂಗಡಿಯ ಕಿತ್ತಳೆ ಬಣ್ಣದ ಸಮವಸ್ತ್ರ, ತೋಳಿನಲ್ಲಿ ಮೈದಾಹಿಟ್ಟಿನ ಕಲೆ, ಎದೆಯ ಮೇಲೆ ಬಿಲ್ಲೆ. ಒಂದೊಂದಾಗಿ ತಮ್ಮ ನಿಲುವಂಗಿಗಳನ್ನೆಲ್ಲ ಅವರು ಎಂದೋ ಪೆಟಾರಿಗೆ ಹಾಕಿಬಿಟ್ಟಿದ್ದರು.

ಡ್ವೈಟ್ ಬಂದವನು ನಿಂತುಬಿಟ್ಟ. "ಇದೇನೇ ಗ್ಲೆಂಡಾ ನಿನ್ನ ಅವತಾರ!" ಎಂದು, ಬಿಲ್ಲೆಯನ್ನು ಗಟ್ಟಿಯಾಗಿ ಓದಿದ: "'ನಾನು ಗ್ಲೆಂಡಾ. ನಿಮಗೆ ಏನು ಬೇಕು?' ಚೆನ್ನಾಗಿದೆ, ಆರುನೂರು ವರ್ಷದ ಹಿಂದೆ ಎಲ್ಲಾ ದೊರೆಸಾನೀರೂ ಇದನ್ನೇ ಹಾಕ್ಕೋತಿದ್ರು!" ಹಗ್ಗದಾಚೆಯ ಜನ ನಕ್ಕರು. ಗ್ಲೆಂಡಾ ಕಿವಿಯವರೆಗೆ ಕೆಂಪಾಗಿ, ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು.

ಅಷ್ಟರಲ್ಲಿ ಸೆಕೆ ತಾಳಲಾರದೆ ರೊಶೆಲ್ ಹೊದಿಕೆಯ ಎರಡೂ ಅಂಚು ಹಿಡಿದು ಗಾಳಿ ಬೀಸಿಕೊಂಡಳು. ಬೆಲ್ಟು ಕಂಡಿತು. ಡ್ವೈಟನ ನಗು ಅಲ್ಲೇ ನಿಂತಿತು. ಆ ಬೆಲ್ಟನ್ನು ಸ್ಟೀವನ ಸೊಂಟಕ್ಕೆ ಮೊದಲ ಬಾರಿ ಕಟ್ಟಿದ ಕೈ ಅವನದೇ. ಮೀಸೆ ಅದುರಿತು, ಬಾಯಿ ತೆರೆಯಿತು.

"ಡ್ವೈಟ್" ಎಂದರು ಗ್ಲೆಂಡಾ. ಅಷ್ಟೇ. ಬಾಗಿಲಿಲ್ಲದ ಆ ಬಯಲಿನಲ್ಲಿ ಅವರು ಅಂದು ಅವನ ಮುಖವನ್ನೇ ನೋಡುತ್ತಿದ್ದರು.

ಅವನು ಏನನ್ನೋ ಕಷ್ಟಪಟ್ಟು ನುಂಗಿದ. ರೊಶೆಲಳ ಕಡೆ ತಿರುಗಿ, ಬೇರೆ ಯಾರದೋ ಮಾತನ್ನು ಕಂಠಪಾಠ ಒಪ್ಪಿಸುವವನಂತೆ, "ಹಸಿವಿಲ್ಲ ತಾನೆ ತಾಯಿ?" ಎಂದ.

ಮಂಗಳವಾರ ತಿಂಗಳ ಕೊನೆಯ ದಿನ. ಶಿರಸ್ತ್ರಾಣ ಬಾಗಿಲಿಗೆ ಅಡ್ಡವಿತ್ತು. ಸೂಪು ಆರಿ ಕೆನೆಗಟ್ಟಿತು. ಡ್ವೈಟ್ ಧ್ವಜದ ಕೆಳಗೆ ಕೂತು ತನ್ನ ಬೂಟಿನ ದಾರವನ್ನು ಬಿಚ್ಚುತ್ತಿದ್ದ, ಕಟ್ಟುತ್ತಿದ್ದ. ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು, ನಡುವೆ ನಿಂತಿತು, ಮತ್ತೆ ಇಳಿಯಿತು.

ರೊಶೆಲ್ ಒಗೆದು ಮಡಚಿದ ಹೊದಿಕೆಯನ್ನೂ ಅದರ ಮೇಲೆ ಸುರುಳಿ ಸುತ್ತಿದ ಬೆಲ್ಟನ್ನೂ ನೀಡಿ, "ಇದು ಯಾರದು ಮೇಡಂ? ಅವತ್ತು ಎಲ್ಲಾರೂ ನನ್ನ ಸೊಂಟಾನೇ ನೋಡ್ತಿದ್ರು, ನಾನೇನೋ ತಪ್ಪು ಮಾಡಿದೆ ಅಂತ ಗೊತ್ತಾಯ್ತು" ಎಂದಳು. "ನೀವೊಬ್ರೇ ನನ್ನ ತಪ್ಪನ್ನ ಮುಚ್ಚಿದ್ರಿ."

"ನಮ್ಮ ಯಜಮಾನರದು ಕಣಮ್ಮ. ತಪ್ಪು ನಿಂದಲ್ಲ, ನಂದು." ಗ್ಲೆಂಡಾ ಬೆಲ್ಟಿನ ಮೇಲೆ ಒಮ್ಮೆ ಕೈಯಾಡಿಸಿದರು.

"ಸೇರ್ಕೋಬೇಕು ಅಂದ್ರೆ ಯಾರಿಗೆ ಹೇಳ್ಬೇಕು?"

ಡ್ವೈಟ್ ಖುಷಿ ತಡೆಯಲಾರದೆ ಕೂಗೇ ಬಿಟ್ಟ. ಗ್ಲೆಂಡಾ ಅಳಲಿಲ್ಲ, ನಗಲಿಲ್ಲ. "ಚಳಿ ಇಲ್ಲ ತಾನೆ?" ಎಂದು ಬಟ್ಟಲಿಗೆ ಸೂಪು ಬಗ್ಗಿಸುತ್ತ, ಅವಳ ಭುಜದ ಮೇಲಿಂದ ಮೆಟ್ಟಿಲಿನತ್ತ ನೋಡಿದರು. ಅವಳ ಹಿಂದೆ ಇನ್ನಾರಾದರೂ ಬಂದು ನಿಂತಿರಬಹುದಲ್ಲ.

ಮನುಷ್ಯರು ಸೇರುವ ಪ್ರತಿ ಕೂಟದಲ್ಲೂ ಇಂಥವರೊಬ್ಬರಿರುತ್ತಾರೆ. ಒಳಗಿನ ಬೆಂಕಿಯ ಬಿಸಿ ಅವರ ಪಾಲಿಗೆ ಬರುವುದಿಲ್ಲ, ಹಾಡಿನ ಅರ್ಧ ಅವರ ಕಿವಿಗೆ ಬೀಳುವುದಿಲ್ಲ; ಬರುವವರ ಅಂಜಿಕೆಯನ್ನೆಲ್ಲ ಬರುವವರಿಗಿಂತ ಮೊದಲೇ ತಾವು ಅನುಭವಿಸಿ ಮುಗಿಸುವುದರಲ್ಲೇ ಅವರ ಆಯುಷ್ಯ ಸವೆಯುತ್ತದೆ. ನಾವೆಲ್ಲರೂ ಒಂದು ದಿನ ಯಾವುದೋ ಮೆಟ್ಟಿಲ ನಡುವೆ ನಿಂತು, ತಿರುಗಿ ಹೋಗಿಬಿಡೋಣವೇ ಎಂದು ಯೋಚಿಸಿದವರೇ. ಒಳಗೆ ಬಂದ ಮೇಲೆ ನಾವು ಅದನ್ನು ಮರೆತೆವು. ಮರೆಯಲಾರದವರು ಬಾಗಿಲ ಬಳಿಯೇ ಉಳಿದುಕೊಂಡರು.