ತಗಡಿಗೊಂದು ಬೊಟ್ಟು

ಆಯುಧಪೂಜೆಗೆ ಯಾವುದನ್ನೂ ಬಿಡಬೇಡಿ ಎಂದವಳು ಹರ್ಷಿತಳೇ. ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದ ಆ ಪುಟ್ಟ ಪ್ರಯೋಗಾಲಯದಲ್ಲಿ ಕಸ ಗುಡಿಸುವ ಅಮ್ಮಯಮ್ಮ ಬಿಡುವ ಪೈಕಿಯೇ? ಕಂಪ್ಯೂಟರ್, ಸ್ಕ್ರೂಡ್ರೈವರ್, ಕೊನೆಗೆ ಕಾಫಿ ಮೆಷಿನ್ನಿಗೂ ಅರಿಶಿನ ಕುಂಕುಮ ಬಿತ್ತು.

ಬಾಗಿಲಲ್ಲಿ ಬೂದುಗುಂಬಳ ಒಡೆಸಿ ಒಳಗೆ ಬಂದ ಹರ್ಷಿತ ಗಕ್ಕನೆ ನಿಂತಳು. ಮೇಜಿನ ಮೇಲೆ ಮುಚ್ಚಳ ತೆಗೆದ ಡಬ್ಬಿ, ಅದರೊಳಗೆ ಅಂಗೈಯಗಲದ ಕಪ್ಪು ತಗಡು, ತಗಡಿನ ಮೂಲೆಯಲ್ಲಿ ಕುಂಕುಮದ ಬೊಟ್ಟು!

ಎರಡು ವರ್ಷ ಜೀವ ತೇಯ್ದ ಕೆಲಸ ಅದು. ಕಣ್ಣಿಗೆ ಕಾಣದಷ್ಟು ಸಣ್ಣ ಬಿಲ್ಲೆಗಳನ್ನು ಅದರ ಮೇಲೆ ಕೂರಿಸಿದ್ದಳು. ಒಂದೊಂದು ಅಳತೆಯ ಬಿಲ್ಲೆ ಒಂದೊಂದು ಬಣ್ಣದ ಬೆಳಕನ್ನು ನುಂಗಬೇಕು, ನೀಲಿಯಿಂದ ಹಿಡಿದು ಶಾಖದ ಕಿರಣದವರೆಗೆ. ಹಾಗೆ ನುಂಗಿಯೇ ತಗಡು ಮಸಿಯಂತೆ ಕಪ್ಪು. ಉಪಗ್ರಹದ ಕ್ಯಾಮೆರಾದೊಳಗೆ ಬೇಡದ ಬೆಳಕು ಸುಳಿಯಬಾರದಲ್ಲ, ಅದಕ್ಕೆ. ಬೆರಳು ತಾಕಿದರೂ ಬಿಲ್ಲೆಗಳು ಉದುರುತ್ತವೆ. ಹನ್ನೊಂದು ತಗಡು ಹಾಳಾಗಿ ಉಳಿದದ್ದು ಇದೊಂದೇ. ಇನ್ನೊಂದು ಮಾಡೋಣವೆಂದರೆ ಬಿಲ್ಲೆ ಕೂರಿಸುವ ಯಂತ್ರ ಕೆಟ್ಟು ಕೂತಿದೆ. ಮಧ್ಯಾಹ್ನ ತಗಡು ಒಯ್ಯಲು ಗಾಡಿ ಬರುತ್ತದೆ. ಇವತ್ತು ತಪ್ಪಿತೋ, ಕ್ಯಾಮೆರಾಗೆ ಬೇರೆಯವರ ತಗಡು ಹೋಗುತ್ತದೆ.

"ಅಯ್ಯೋ, ಏನ್ ಮಾಡ್ಬಿಟ್ರಿ ಅಮ್ಮಯಮ್ಮ! ಅದ್ರ ಮೇಲೆ ಏನೂ ಇರ್ಬಾರ್ದಿತ್ತು!"

"ಯಾಕವ್ವ? ನಿನ್ ಸಾಮಾನಿಗೇ ಮೊದ್ಲು ಇಟ್ಟೆ. ಘಾಟಿ ದೇವ್ರ ಗುಡಿಯಿಂದ ತಂದ ಕುಂಕುಮ ಕಣವ್ವ. ಊಟ ಬಿಟ್ಟು ಇದ್ರ ಮುಂದೆ ಕೂತಿರ್ತೀಯ, ನಾನ್ ನೋಡಿಲ್ವಾ?"

ಇಂಥವಳನ್ನು ಬೈಯುವುದಾದರೂ ಹೇಗೆ? ಹರ್ಷಿತ ಕಣ್ಣೊರೆಸಿಕೊಂಡಳು. ಫೋನ್ ಹಿಡಿದು, ನೆಟ್‌ವರ್ಕ್ ಸಿಗುವ ಗೇಟಿನತ್ತ ಓಡಿದಳು. ಮುಟ್ಟಬೇಡಿ ಎಂಬ ಒಂದೇ ಒಂದು ಮಾತು ಹೇಳಿ ಹೋಗಿದ್ದರೆ ಅವಳ ಗಂಟೇನು ಹೋಗುತ್ತಿತ್ತು!

ಮೇಲಧಿಕಾರಿ ನವೀನ್‌ಕುಮಾರ್ ಎಲ್ಲ ಕೇಳಿಸಿಕೊಂಡು, "ಮೂಲೇಲಿ ತಾನೆ? ಮೂಲೆ ಕತ್ತರಿಸಿ ಕಳ್ಸಮ್ಮ. ನಡುವಿನ ಭಾಗ ಚೆನ್ನಾಗಿದ್ರೆ ಸಾಕು," ಎಂದರು.

ಬದುಕಿದೆಯಾ ಬಡಜೀವವೇ ಎಂದು ಹರ್ಷಿತ ಒಳಗೆ ಓಡಿ ಬಂದಳು.

ಅಮ್ಮಯಮ್ಮ ಒದ್ದೆ ಸೆರಗಿನ ತುದಿ ಹಿಡಿದು ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು.

"ಅಳ್ಬೇಡ ಕಣವ್ವ. ತಪ್ಪಾಯ್ತು. ಒಂಚೂರೂ ಬಿಡ್ದಂಗೆ ಪೂರ್ತಿ ಉಜ್ಜಿವ್ನಿ. ಆ ಮಸಿನೂ ಹೋಯ್ತು. ನೋಡು, ಹೆಂಗೆ ಫಳಫಳ ಅಂತೈತೆ!"

ಎರಡು ವರ್ಷದಲ್ಲಿ ಮೊದಲ ಸಲ ಆ ತಗಡಿನಲ್ಲಿ ಹರ್ಷಿತಳಿಗೆ ತನ್ನ ಮುಖ ಕಂಡಿತು. ಗೇಟಿನ ಬಳಿ ಗಾಡಿಯ ಹಾರನ್ ಕೇಳಿಸಿತು.

"ಈಗ ಚೆನ್ನಾಗಾಯ್ತಲ್ವೇನವ್ವ?"

"ಹ್ಞೂಂ," ಎಂದಳು ಹರ್ಷಿತ.